ಮೀನಿಗೆ ಅವ್ವ ಕಟ್ಟಿದ ಉಂಡೆ

ನಮ್ಮ ಮನೆಯಲ್ಲಿ ಮೀನಿಗೂ ಅಡುಗೆಯಾಗುತ್ತಿತ್ತು. ಹೀಗೆಂದರೆ ಕೇಳಿದವರು ತಪ್ಪು ತಿಳಿಯುತ್ತಾರೆ. ಮೀನಿನ ಅಡುಗೆಯಲ್ಲ, ಕೆರೆಯ ಮೀನಿಗೆ ಹಾಕುವ ಉಂಡೆಯ ಅಡುಗೆ. ಸಿಂಗಟಗೆರೆಯಲ್ಲಿ ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದವರ ಮನೆ. ಮೊಟ್ಟೆ ಎಂಬ ಪದವನ್ನು ಕೂಡ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂಥ ಮನೆಯ ಅಡುಗೆಮನೆಗೂ ಕೊಟ್ಟಿಗೆಗೂ ನಡುವೆ ಒಂದು ಕತ್ತಲೆ ಕೋಣೆಯಿತ್ತು. ಅಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದುದರಿಂದ ಹಸುಗಳಿಗೆ ಬೇಕಾದ ಕೊಬ್ಬರಿ ಹಿಂಡಿಯ ಚೀಲಗಳನ್ನು ಅಲ್ಲಿ ಒಟ್ಟುತ್ತಿದ್ದರು. ಹಿಂಡಿ ಕೋಣೆ ಎಂದೇ ಅದರ ಹೆಸರು. ಬಾಗಿಲು ತೆರೆದರೆ ಮೊದಲು ಸಿಹಿ ಕೊಬ್ಬರಿಯ ವಾಸನೆ, ಅದರ ಹಿಂದೆಯೇ ಹುಳಿ, ಕೊನೆಗೆ ಇಂಗಿನ ಘಾಟು ಮೂಗಿಗೆ ಬರುತ್ತಿತ್ತು. ಅವ್ವ ಅಲ್ಲಿ ನೆಲದ ಮೇಲೆ ಕೂತು ಮೀನಿಗೆ ಉಂಡೆ ಕಟ್ಟುತ್ತಿದ್ದಳು. ಅಡುಗೆಮನೆಯ ಒಲೆಯನ್ನು ಆ ಕೆಲಸಕ್ಕೆ ಮುಟ್ಟುವಂತಿರಲಿಲ್ಲ. ಅದು ದೊಡ್ಡತ್ತೆಯ ಕಟ್ಟಳೆ. ದೊಡ್ಡತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯ ಬೀಗದ ಕೈಗಳೆಲ್ಲ ಅವಳ ಸೊಂಟದಲ್ಲಿದ್ದವು. ಅಪ್ಪ ಕೂಡ ಅವಳೆದುರು ದನಿ ತಗ್ಗಿಸಿಯೇ ಮಾತನಾಡುತ್ತಿದ್ದರು.

ಉಂಡೆಯ ಕತೆ ಶುರುವಾಗಿದ್ದು ಒಂದು ಸಾವಿನಿಂದ. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ತೊಟ್ಟಿಲಲ್ಲೇ ಹೋಗಿಬಿಟ್ಟ. ಆಮೇಲೆ ಅವ್ವ ಬಹಳ ಕಾಲ ಯಾರೊಂದಿಗೂ ನೆಟ್ಟಗೆ ಮಾತನಾಡಲಿಲ್ಲ. ಒಲೆಯ ಮುಂದೆ ಕೂತರೆ ಸಾರು ಉಕ್ಕಿ ಸುರಿದರೂ ನೋಡುತ್ತಲೇ ಇರುತ್ತಿದ್ದಳು. ಒಂದು ದಿನ ಕಡೂರಿನಿಂದ ಬಂದ ಅಪ್ಪ ಚಪ್ಪಲಿ ಬಿಡುತ್ತಲೇ ಅವಳಿಗೆ ಹೇಳಿದರು:

"ಅಲ್ಲಿ ಯಾರೋ ಹಿರೀಕರು ಹೇಳಿದ್ರು ಕಣೇ. ನೀರಲ್ಲಿರೋ ಮೂಕ ಜೀವಕ್ಕೆ ಏನಾದ್ರೂ ಹಾಕಿದ್ರೆ ಅದು ಹೋದ ಮಕ್ಕಳಿಗೆ ಮುಟ್ತದಂತೆ. ನೀನು ಕಲಸಿಕೊಡು, ನಾನು ಕೆರೆಗೆ ಹಾಕಿ ಬತ್ತೀನಿ."

ಅವ್ವ ಅಂದೇ ಸಂಜೆ ಎದ್ದು ಹಿಂಡಿ ನೆನೆಹಾಕಿದಳು. ಅಪ್ಪ ಅದನ್ನು ಮೋಸ ಮಾಡಲೆಂದೇ ಹೇಳಿದರು ಎಂದು ನಾನು ಇಂದಿಗೂ ನಂಬುವುದಿಲ್ಲ. ಅವರಿಗೆ ಒಂದು ನೆಪ ಬೇಕಿತ್ತು, ಕೈಗೆ ಹತ್ತಿರವಿದ್ದದ್ದನ್ನು ತೆಗೆದುಕೊಂಡರು. ಅದು ಅವ್ವನಿಗೆ ಎಲ್ಲಿ ತಗಲುತ್ತದೆಂದು ಯೋಚಿಸುವಷ್ಟು ಹೊತ್ತು ಅವರು ಯಾವುದರ ಬಳಿಯೂ ನಿಲ್ಲುವವರಲ್ಲ.

ಅವ್ವ ಆ ಉಂಡೆಯನ್ನು ದಿನದಿನಕ್ಕೆ ತಿದ್ದುತ್ತಾ ಹೋದಳು. ನೆನೆಸಿದ ಹಿಂಡಿಯನ್ನು ಹಿಂಡಿ, ಬಾಣಲೆಯಲ್ಲಿ ಕೆಂಪಗೆ ಹುರಿದ ಅಕ್ಕಿ ತೌಡು ಸೇರಿಸಿ, ಬೆಲ್ಲದ ನೀರು ಬಿಟ್ಟು, ಮೆಂತ್ಯದ ಪುಡಿಯನ್ನೂ ಇಂಗನ್ನೂ ಹಾಕಿ ಮಡಕೆಗೆ ತುಂಬುತ್ತಿದ್ದಳು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಟ್ಟರೆ ಎರಡು ಮೂರು ದಿನಕ್ಕೆ ಒಳಗಿನಿಂದ ಬುಸುಗುಡುವ ಸದ್ದು ಬರುತ್ತಿತ್ತು. ಆಮೇಲೆ ರಾಗಿ ಹಿಟ್ಟು ಉದುರಿಸಿ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟುವುದು. ಹಿತ್ತಲಲ್ಲೇ ಬಾವಿಯಿದ್ದುದರಿಂದ ಅವಳು ಕೆರೆಯ ಕಡೆ ಹೋಗುತ್ತಲೇ ಇರಲಿಲ್ಲ. ಅಪ್ಪ ಬಂದು ಹೇಳಿದ ಮಾತೇ ಅವಳಿಗೆ ಗೊತ್ತಿದ್ದ ಕೆರೆ. 'ನೀರಿಗೆ ಬಿದ್ದ ತಕ್ಷಣ ಒಡೆದ್ಹೋಯ್ತು' ಎಂದರೆ ಮಾರನೆಯ ಸಲ ರಾಗಿ ಹೆಚ್ಚು ಹಾಕುವಳು. 'ಕಲ್ಲಾಗಿತ್ತು, ಕರಗಲೇ ಇಲ್ಲ' ಎಂದರೆ ತೌಡು ಹೆಚ್ಚಿಸುವಳು. ಕಟ್ಟಿದ ಒಂದು ಉಂಡೆಯನ್ನು ಬಾವಿಯ ನೀರು ತುಂಬಿದ ಚೊಂಬಿಗೆ ಹಾಕಿ, ಅದು ಮೆಲ್ಲಗೆ ಹೊಗೆಯಂತೆ ಬಿಡುತ್ತಾ ತಳಕ್ಕಿಳಿಯುವುದನ್ನು ಬಗ್ಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಮತ್ತೆ ಜೀವ ಕಂಡದ್ದು ಆ ಚೊಂಬಿನ ಮುಂದೆಯೇ. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿಯರು ನನ್ನ ಲಂಗ ಹುಳಿ ನಾರುತ್ತದೆಂದು ಸರಿದು ಕೂರುತ್ತಿದ್ದರು. ನಾನು ಅವ್ವನಿಗೆ ಅದನ್ನು ಹೇಳಲಿಲ್ಲ. ಕೊನೆಗೆ ಹಿಂದಿನ ಸಾಲಿಗೆ ಹೋಗಬೇಕಾಗಿ ಬಂದಾಗ, ಬೇಕೆಂದೇ ಹೋದೆನೆಂದು ಹೇಳಿದೆ.

ಅಪ್ಪ ಕೆರೆಯಲ್ಲಿ ಏನು ಮಾಡುತ್ತಾರೆಂದು ನನಗೆ ಗೊತ್ತಾಗಿದ್ದು ಅವರೇ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋದಾಗ. ಕೆರೆಯ ಆ ತುದಿಯಲ್ಲಿ, ಹೊಂಗೆ ಮರದ ಕೆಳಗೆ, ತಿಮ್ಮಣ್ಣ ಎರಡು ಬಿದಿರು ಗಳ ಹಿಡಿದು ಕಾಯುತ್ತಿದ್ದ. ತಿಮ್ಮಣ್ಣ ಊರಾಚೆಯ ರೈತ, ಅಪ್ಪನ ಬಾಲ್ಯದ ಗೆಳೆಯ. ಅವರ ಮನೆಯಲ್ಲಿ ಮೀನು ತಿನ್ನುತ್ತಿದ್ದರು. ಅಪ್ಪ ಅವ್ವನ ಉಂಡೆಗಳನ್ನು ಒಂದೊಂದಾಗಿ ಒಂದೇ ಜಾಗಕ್ಕೆ ಎಸೆದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೀರಿನ ಮೇಲೆ ಸಣ್ಣ ಗುಳ್ಳೆಗಳು, ಅಲ್ಲೊಂದು ಇಲ್ಲೊಂದು ಬಾಲದ ಹೊಡೆತ. ತಿಮ್ಮಣ್ಣ ತನ್ನ ಗಳದ ಗಾಳವನ್ನು ಅಲ್ಲೇ ನೀರಿಗೆ ಬಿಟ್ಟ. ಅಪ್ಪನೂ ಇನ್ನೊಂದು ಗಳ ಕೈಗೆ ತೆಗೆದುಕೊಂಡರು. ದಾರ ಬಿಗಿದು ಗಳ ಬಾಗಿದಾಗ ಅಪ್ಪನ ಮುಖ ನೋಡಿದೆ. ಮನೆಯಲ್ಲಿ ಅಕ್ಕನ ಮುಂದೆ ತಲೆ ತಗ್ಗಿಸುವ, ಕಡೂರಿನ ಮಂಡಿಯವರ ಮುಂದೆ ಹಲ್ಲು ಕಿರಿಯುವ ಮನುಷ್ಯ ಅಲ್ಲಿರಲಿಲ್ಲ. ಬಾಯಿ ತೆರೆದು, ಉಸಿರು ಕಟ್ಟಿ, ಕೈಗೆ ಬಂದ ಆ ಎಳೆತವನ್ನು ಕಿವಿಗೊಟ್ಟು ಕೇಳುವವರಂತೆ ನಿಂತಿದ್ದರು. ಮೀನು ದಡಕ್ಕೆ ಬಿದ್ದ ಮೇಲೆ ಅವರು ಅದನ್ನು ಮುಟ್ಟಲಿಲ್ಲ. ತಿಮ್ಮಣ್ಣ ಬುಟ್ಟಿಗೆ ಹಾಕಿಕೊಂಡ. ಅಪ್ಪ ಅವನ ಮನೆಯಲ್ಲಿ ಎಂದಾದರೂ ತಿಂದರೋ ಇಲ್ಲವೋ ನನಗೆ ತಿಳಿಯದು.

"ಅವ್ವಂಗೆ ಹೇಳ್ಬ್ಯಾಡ ಕಣವ್ವ," ಎಂದರು, ಬರುವಾಗ ಸೈಕಲ್ಲಿನ ಮೇಲೆ. "ನೊಂದ್ಕಂತಾಳೆ."

ನಾನು ಹೇಳಲಿಲ್ಲ. ಅಪ್ಪ ನನಗೊಬ್ಬಳಿಗೇ ಎಂದು ಕೊಟ್ಟ ವಸ್ತು ಜೀವನದಲ್ಲಿ ಅದೊಂದೇ ಆಗಿತ್ತು.

ಮುಂಗಾರಿನ ಹೊಸ ನೀರು ಬಂದು ಕೆರೆ ಕೆಂಪಗಾದಾಗ ಮೀನು ಉಂಡೆಗೆ ಬರುವುದು ಕಡಿಮೆಯಾಯಿತು. ಹಿಂಡಿ ಬೆಲ್ಲದ ವಾಸನೆ ಈ ಕೆಸರಲ್ಲಿ ದೂರ ಹೋಗುವುದಿಲ್ಲ, ಒಣ ಸೀಗಡಿ ಪುಡಿ ಸೇರಬೇಕು ಎಂದು ತಿಮ್ಮಣ್ಣ ಹೇಳಿದ. ಅಪ್ಪ ಕಡೂರಿನ ಸಂತೆಯಿಂದ ಒಂದು ಪೊಟ್ಟಣ ತಂದು ಮೊದಲು ಅವನಿಗೇ ತೋರಿಸಿದರು. ತಿಮ್ಮಣ್ಣ ಚಿಟಿಕೆ ಎತ್ತಿ ಮೂಸಿ, 'ಚೆನ್ನಾಗಿ ಒಣಗೈತೆ ಕಣ್ರೀ' ಎಂದ. ಪುಡಿಯ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಅವು ಕಣ್ಣುಗಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಪೊಟ್ಟಣ ಅಲ್ಲೇ ಕೆರೆಯ ಬಳಿ ಉಳಿಯುತ್ತದೆಂದು ನಾನು ತಿಳಿದಿದ್ದೆ. ಆದರೆ ಪುಡಿ ಹಿಟ್ಟಿನ ಜೊತೆಗೇ ಹುಳಿಯಬೇಕಂತೆ. ಸಂಜೆ ಅಪ್ಪ ಅದನ್ನು ಹಿಂಡಿ ಕೋಣೆಗೆ ತಂದು ಅವ್ವನ ಮುಂದಿಟ್ಟರು.

"ಇದೇನ್ರೀ?"

"ಬೇರಿನ ಪುಡಿ. ಮೀನಿಗೆ ಒಳ್ಳೇದಂತೆ."

ಅವ್ವ ಮೂಗಿನ ಬಳಿ ತಂದು, "ನೆಂದ ಗೋಣಿಚೀಲದ ವಾಸನೆ ಬತ್ತದಲ್ಲ," ಎಂದು ನಕ್ಕಳು. ಹುಟ್ಟಿದಾಗಿನಿಂದ ಅಂಥದ್ದನ್ನು ಹತ್ತಿರ ಕಂಡವಳಲ್ಲ, ಗುರುತು ಹತ್ತುವುದಾದರೂ ಹೇಗೆ? ಅಪ್ಪ ಅವಳ ತಲೆಯ ಮೇಲಿಂದ ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಿದೆ. ಅವ್ವ ಪುಡಿ ಸುರಿದು ಎರಡೂ ಕೈ ಹಾಕಿ ಮೊಣಕೈವರೆಗೆ ಕಲಸಿದಳು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು, ಅದೇ ಎಡ ಅಂಗೈಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಳು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಶ್ರಾವಣದ ಸೋಮವಾರಗಳಲ್ಲಿ ನಮ್ಮ ಮನೆಗೆ ಅಯ್ಯನೋರು ಊಟಕ್ಕೆ ಬರುತ್ತಿದ್ದರು. ಮೆತ್ತಗಿನ ದನಿಯ, ವಯಸ್ಸಾದ ಜಂಗಮರು. ಅವರ ಪಾದ ತೊಳೆದು ಪೂಜೆ ಮಾಡಿ, ಎಲೆ ಹಾಕಿ ಬಡಿಸಿ, ಅವರು ಉಂಡ ಮೇಲೆಯೇ ಮನೆಯವರು ಉಣ್ಣುವುದು. ಆ ಸೋಮವಾರ ಅವರು ಬರುವುದು ತಡವಾಯಿತು. ಅವ್ವನ ಅಡುಗೆ ಆಗಲೇ ಮುಗಿದಿತ್ತು. ಮಧ್ಯಾಹ್ನ ಕೆರೆಗೆ ಹೋಗುವ ಆತುರದಲ್ಲಿದ್ದ ಅಪ್ಪ, ಸುಮ್ಮನೆ ಯಾಕೆ ಕೂತಿದ್ದೀಯ, ಅಷ್ಟರಲ್ಲಿ ಉಂಡೆ ಕಟ್ಟಿಬಿಡು ಎಂದರು. ಅವ್ವ ಕಟ್ಟಿದಳು. ಅಯ್ಯನೋರು ಬಂದು, ಪಾದಪೂಜೆ ಮುಗಿದು, ದೊಡ್ಡತ್ತೆ ಬಡಿಸತೊಡಗಿದ ಸದ್ದು ಕೇಳಿ ಬೇಗಬೇಗ ಕೈ ತೊಳೆದು ಹೋಳಿಗೆಯ ತಟ್ಟೆ ಹಿಡಿದು ಪಡಸಾಲೆಗೆ ಬಂದಳು. ಅಯ್ಯನೋರು ಆಗಲೇ ಪಾಯಸ ಮುಗಿಸಿದ್ದರು. ಅವ್ವ ಬಗ್ಗಿ ಹೋಳಿಗೆ ಬಡಿಸಿದಾಗ ಅವರ ಕೈ ಎಲೆಯ ಮೇಲೇ ನಿಂತಿತು.

"ತಾಯಿ, ನಿನ್ನ ಕೈಯಲ್ಲಿ ಏನೋ ವಾಸನೆ ಬರ್ತದಲ್ಲ," ಎಂದರು, ಬೈಯುವ ದನಿಯಲ್ಲಲ್ಲ, ಕೇಳುವ ದನಿಯಲ್ಲಿ.

ದೊಡ್ಡತ್ತೆ ತುಪ್ಪದ ಗಿಂಡಿ ಕೆಳಗಿಟ್ಟು ಬಂದು ಅವ್ವನ ಕೈ ಹಿಡಿದು ಮೂಗಿಗೆ ತಂದುಕೊಂಡಳು. ಸಂತೆಯಲ್ಲಿ ಒಣಮೀನಿನ ಸಾಲು ದಾಟುವಾಗ ಸೆರಗು ಮೂಗಿಗೊತ್ತಿಕೊಂಡು ಓಡುವವಳು ಅವಳು. ಅವಳಿಗೆ ಗುರುತು ಹತ್ತಿತು. ಮುಖ ಬೂದಿಯಾಯಿತು.

"ಏನೇ ಇದು? ಏನ್ ಮುಟ್ಟಿ ಬಂದು ಅಯ್ಯನೋರಿಗೆ ಬಡಿಸ್ತಿದೀಯೇ?"

"ಮೀನಿನ ಉಂಡೆ ಅಕ್ಕ. ಹಿಂಡಿ, ತೌಡು, ಬೆಲ್ಲ. ಅವರು ತಂದ ಬೇರಿನ ಪುಡಿ." ಅವ್ವ ಅಪ್ಪನ ಕಡೆ ತಿರುಗಿದಳು. ಅವಳಿಗೆ ಇನ್ನೂ ಹೆದರಿಕೆಯೇನೂ ಇರಲಿಲ್ಲ. "ಅದ್ಯಾವ ಬೇರು ಅಂತ ನೀವೇ ಹೇಳ್ರೀ."

ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಅಯ್ಯನೋರನ್ನು ನೋಡಿದರು, ಅಕ್ಕನನ್ನು ನೋಡಿದರು.

"ಯಾವ ಪುಡಿನೋ ನಂಗೇನ್ ಗೊತ್ತು," ಎಂದರು. "ಇವ್ಳೇ ಯಾರ ಕೈಲೋ ತರಿಸ್ಕಂಡಿರಬೌದು. ಮಗು ಹೋದಾಗಿಂದ ಇವ್ಳಿಗೆ ತಲೆ ನೆಟ್ಟಗಿಲ್ಲ ಅಂತ ನಿಮ್ಗೂ ಗೊತ್ತಲ್ಲ."

ಅವ್ವನ ಕೈಯಲ್ಲಿದ್ದ ತಟ್ಟೆ ಬೀಳಲಿಲ್ಲ. ಅವಳು ಅದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಗಂಡ ಹೇಳಿದ್ದು ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎನ್ನುವ ಹಾಗೆ ಸ್ವಲ್ಪ ಮುಂದಕ್ಕೆ ಬಗ್ಗಿ ನಿಂತಳು. ಅಪ್ಪನ ಬಗ್ಗೆ ನನಗೆ ಆಗ ಬಂದದ್ದು ಸಿಟ್ಟಲ್ಲ, ನಾಚಿಕೆ. ಮೈಮೇಲೆ ಬಟ್ಟೆಯಿಲ್ಲದೆ ಜನರೆದುರು ನಿಂತವರನ್ನು ಕಂಡಾಗ ಆಗುವಂಥ ನಾಚಿಕೆ. ಅದನ್ನು ಮುಚ್ಚಬೇಕೆಂದು ಅನ್ನಿಸಿತೋ ಏನೋ, ನಾನು ಬಾಯಿ ತೆರೆದೆ.

"ಅದು ಬೇರಲ್ಲ, ಸೀಗಡಿ ಪುಡಿ. ಅಪ್ಪ ಕಡೂರಿಂದ ತಂದಿದ್ದು. ನಾನು ನೋಡೀನಿ. ಅಪ್ಪ, ತಿಮ್ಮಣ್ಣ ಇಬ್ರೂ ಆ ಉಂಡೆ ಹಾಕಿ ಗಾಳದಲ್ಲಿ ಮೀನು ಹಿಡೀತಾರೆ."

ಹೊಡೆತ ಬಿದ್ದದ್ದು ಅಪ್ಪನಿಂದಲ್ಲ. ಅವ್ವ ತಟ್ಟೆ ಕೆಳಗಿಟ್ಟು, ಎರಡು ಹೆಜ್ಜೆ ಬಂದು, ನನ್ನ ಕೆನ್ನೆಗೆ ಬಾರಿಸಿದಳು. ಅವಳು ನನ್ನನ್ನು ಹೊಡೆದದ್ದು ಅದೊಂದೇ ಸಲ. ಆ ಕೈಯ ವಾಸನೆ ನನ್ನ ಕೆನ್ನೆಗೂ ಹತ್ತಿತು.

"ಗೊತ್ತಿತ್ತೇನೇ ನಿಂಗೆ? ಗೊತ್ತಿದ್ದೂ ನನ್ನ ಕೈಲಿ ಕಲಸಿಸಿದ್ಯೇನೇ?"

ಅಯ್ಯನೋರು ಅರ್ಧ ಉಂಡ ಎಲೆಗೆ ಕೈ ಮುಗಿದು ಎದ್ದರು. ಯಾರನ್ನೂ ಬೈಯಲಿಲ್ಲ. ಬಾಗಿಲಲ್ಲಿ ನಿಂತು, "ಮಗೂನ ಹೊಡೀಬ್ಯಾಡ ತಾಯಿ," ಎಂದಷ್ಟೇ ಹೇಳಿ ಹೋದರು. ಅವರು ಬೈದಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು. ಬೀದಿಯಲ್ಲಿ ಅವರು ಊಟ ಬಿಟ್ಟು ಹೋಗುವುದನ್ನು ಎದುರು ಮನೆಯವರು ಜಗಲಿಯಿಂದ ನೋಡಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಅವ್ವ ಬಾವಿಕಟ್ಟೆಯ ಮೇಲೆ ಕೂತು ಬೂದಿಯಲ್ಲಿ, ಸೀಗೆಪುಡಿಯಲ್ಲಿ, ಹುಣಸೆಹಣ್ಣಿನಲ್ಲಿ ಕೈ ಉಜ್ಜಿದಳು. ಅಂಗೈ ಕೆಂಪಾಗಿ ಸಿಪ್ಪೆ ಎದ್ದರೂ ಬಿಡಲಿಲ್ಲ. ನಾನು ನೀರು ಸೇದಿ ಸೇದಿ ಹಾಕಿದೆ. "ಇದೇ ಕೈ ಮೇಲೆ ಲಿಂಗ ಇಟ್ಕಂಡ್ನಲ್ಲ," ಎಂದು ಒಂದೇ ಮಾತನ್ನು ಅವಳು ಯಾರಿಗೂ ಅಲ್ಲದೆ ಹೇಳುತ್ತಿದ್ದಳು. ಮರುದಿನ ಸ್ನಾನ ಮಾಡಿದಳು, ಆದರೆ ಕರಡಿಗೆ ತೆರೆಯಲಿಲ್ಲ. ಲಿಂಗಪೂಜೆಯಾಗದೆ ಅನ್ನ ಮುಟ್ಟುವಂತಿಲ್ಲ, ಆ ಕೈಯಲ್ಲಿ ಪೂಜೆ ಮಾಡುವಂತಿಲ್ಲ. ಹೀಗೆ ಉಪವಾಸ ಕೂತಳು. ದೊಡ್ಡತ್ತೆ ಮೊದಲ ದಿನ ಗೊಣಗಿದಳು, ಎರಡನೆಯ ದಿನ ಹೆದರಿದಳು. ಮಠಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಸ್ವಾಮಿಗಳಾದ ಬುದ್ಧಿಯವರ ಮುಂದೆ ಹೇಳಿ ಶುದ್ಧ ಮಾಡಿಸೋಣ ಎಂದಾಗ ಅಪ್ಪ ಪಂಚೆಯ ಅಂಚು ನೋಡುತ್ತಾ ಹೇಳಿದರು:

"ನೀನೇ ಕರ್ಕಂಡೋಗಕ್ಕ. ನಂಗೆ ಮಂಡೀಲಿ ಕೆಲಸ ಐತೆ."

ನಾವು ಮೂವರು ಕಡೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆವು. ಅವ್ವ ಕಿಟಕಿಯ ಕಂಬಿಗೆ ತಲೆ ಕೊಟ್ಟಿದ್ದಳು. ಕೈಗಳೆರಡನ್ನೂ ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದಳು. ನಮ್ಮ ಮನೆತನದವರು ನಡೆದುಕೊಳ್ಳುವ ಮಠದ ಪಡಸಾಲೆಯಲ್ಲಿ ಹತ್ತಾರು ಭಕ್ತರಿದ್ದರು. ಅವರಲ್ಲಿ ಇಬ್ಬರು ಮೂವರು ನಮ್ಮ ಸೀಮೆಯವರೇ. ಸ್ವಾಮಿಗಳು ಬಹಳ ವಯಸ್ಸಾದವರು. ದೊಡ್ಡತ್ತೆ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ಅವ್ವನನ್ನು ಹತ್ತಿರ ಕರೆದರು.

"ಗೊತ್ತಿದ್ದು ಮಾಡಿದೆಯೋ ತಾಯಿ, ಗೊತ್ತಿಲ್ಲದೆ ಮಾಡಿದೆಯೋ?"

ಅವ್ವ ನನ್ನನ್ನು ನೋಡಿದಳು. ಬಾಯಿ ಒಣಗಿ ತುಟಿಗಳು ಬಿರಿದಿದ್ದವು.

"ಗೊತ್ತಿದ್ದೇ ಮಾಡ್ದೆ ಬುದ್ಧಿ."

ದೊಡ್ಡತ್ತೆ ಏನೋ ಹೇಳಲು ಹೋದಳು. ಅವ್ವ ಕೂತಲ್ಲಿಂದಲೇ ಅವಳ ಸೀರೆಯ ಅಂಚನ್ನು ಹಿಡಿದೆಳೆದಳು. ಸ್ವಾಮಿಗಳು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿ, ಅವ್ವನ ಎರಡೂ ಅಂಗೈಗೆ ತಾವೇ ವಿಭೂತಿ ಹಚ್ಚಿ, ಮಠದ ಅಂಗಳ ಗುಡಿಸಿ ಪ್ರಸಾದ ಉಂಡು ಹೋಗು ಎಂದರು. ಎರಡು ದಿನದಿಂದ ಅನ್ನ ಕಾಣದವಳು ಆ ಅಗಲದ ಅಂಗಳವನ್ನು ಗುಡಿಸಿದಳು. ನಮ್ಮ ಸೀಮೆಯ ಹೆಂಗಸರು ಕಂಬದ ಬಳಿ ನಿಂತು, ಸೆರಗು ಬಾಯಿಗಿಟ್ಟುಕೊಂಡು ಮಾತನಾಡಿಕೊಳ್ಳುತ್ತಿದ್ದರು. ನಾನು ಅವ್ವನ ಹಿಂದೆ ಬಗ್ಗಿ ಬಗ್ಗಿ ಎಲೆ ಆರಿಸಿದೆ, ತಲೆ ಎತ್ತಲೇ ಇಲ್ಲ. ಯಾರ ಸಲುವಾಗಿ ನಾಚಬೇಕೆಂದು ತಿಳಿಯದೆ ಎಲ್ಲರ ಸಲುವಾಗಿಯೂ ನಾಚಿದೆ.

ಅಪ್ಪನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನಾವು ಮಠದಿಂದ ಮರಳಿದ ರಾತ್ರಿ ಊಟಕ್ಕೆ ಬಂದ ಅಪ್ಪನಿಗೆ ದೊಡ್ಡತ್ತೆ ಹಿಂಡಿ ಕೋಣೆಯಲ್ಲಿ ತಟ್ಟೆ ಇಟ್ಟಳು. ಮಠದಲ್ಲಿ ನಡೆದದ್ದನ್ನು ಹೇಳಿ, "ಅಡುಗೆಮನೆ ಹೊಸ್ತಿಲು ಅವ್ಳು ದಾಟ್ತಾಳೆ, ನೀನು ದಾಟ್ಬ್ಯಾಡ," ಎಂದಳು. ಅಪ್ಪ ಎದುರಾಡದೆ ಚೀಲಗಳ ನಡುವೆ ಕೂತು ಉಂಡರು. ದೀಪಾವಳಿಗೆ ದೊಡ್ಡತ್ತೆ ಮನಸ್ಸು ಕರಗಿ ಒಳಗೆ ಕರೆದಳು. ಅವರು ಕೆರೆಗೆ ಮತ್ತೆ ಹೋಗಲಿಲ್ಲ. ಅವ್ವನ ಬಳಿ ತಪ್ಪಾಯಿತು ಎಂದದ್ದನ್ನು ನಾನಂತೂ ಕೇಳಲಿಲ್ಲ. ನನ್ನನ್ನು ಆಮೇಲೆ ಅವರು ಎಂದೂ ಬೈಯಲಿಲ್ಲ, ಏಕವಚನದಲ್ಲಿ ಕೂಡ ಕರೆಯಲಿಲ್ಲ. ಮನೆಗೆ ಬಂದ ದೊಡ್ಡ ನೆಂಟರ ಜೊತೆ ಮಾತನಾಡುವ ಹಾಗೆ, ಕಣ್ಣು ತಪ್ಪಿಸಿ, ಮೆಲ್ಲಗೆ, 'ಊಟ ಆಯ್ತೇನ್ರಮ್ಮ' ಎನ್ನುತ್ತಿದ್ದರು. ನಾನು ಮದುವೆಯಾಗಿ ಹೋಗುವವರೆಗೂ ಹಾಗೆಯೇ. ಸೈಕಲ್ಲಿನ ಕಂಬಿಯ ಮೇಲೆ ಕೂರುವ ವಯಸ್ಸು ನನಗೆ ಅಂದಿಗೇ ಮುಗಿಯಿತು.

ಮಠದಿಂದ ಹಿಂದಿರುಗುವ ಬಸ್ಸಿನಲ್ಲಿ ದೊಡ್ಡತ್ತೆ ಮುಂದಿನ ಸೀಟಿನಲ್ಲಿ ಕೂತು ತೂಕಡಿಸುತ್ತಿದ್ದಳು. ಅವ್ವನ ಹೊಟ್ಟೆಗೆ ಅನ್ನ ಬಿದ್ದು ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ನಾನು ಧೈರ್ಯ ಮಾಡಿ ಕೇಳಿದೆ.

"ಗೊತ್ತಿತ್ತು ಅಂತ ಯಾಕಂದೆ ಅವ್ವ?"

"ಗೊತ್ತಿರ್ಲಿಲ್ಲ ಅಂದಿದ್ರೆ, ಮತ್ಯಾರಿಗೆ ಗೊತ್ತಿತ್ತು ಅಂತ ಕೇಳೋರು," ಎಂದಳು. "ಅಷ್ಟು ಜನದ ಮುಂದೆ ಮತ್ತೆ ನೀನೇ ಹೇಳ್ಬೇಕಾಗಿತ್ತು."

ನಾನು ಅವಳ ಮೈಗೊರಗಿದೆ. ಅವಳು ಸರಿಯಲಿಲ್ಲ. ಬೀರೂರು ದಾಟಿರಬೇಕು, ಹೊರಗೆ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಬಹಳ ಹೊತ್ತಿನ ಮೇಲೆ, ಮುಂದಿನ ಸೀಟಿಗೆ ಕೇಳಿಸದ ಹಾಗೆ, ಅವಳು ಕೇಳಿದಳು:

"ಮೀನು ಬತ್ತಿದ್ವೇನೇ?"

"ಬತ್ತಿದ್ವು."

"ತುಂಬಾ?"

"ತುಂಬಾ. ನೀರು ಕುದ್ದಂಗೆ ಆಗೋದು."

"ಎಲ್ಲಾ ತಿಂತಿದ್ವಾ? ಬಿಡ್ತಿದ್ವಾ?"

"ಒಂದು ಚೂರೂ ಬಿಡ್ತಿರ್ಲಿಲ್ಲ ಕಣವ್ವ."

ಅವಳು ಸೆರಗಿನೊಳಗಿಂದ ಕೈ ಹೊರತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸಿಪ್ಪೆ ಎದ್ದ ಅಂಗೈಯ ಗೆರೆಗಳಲ್ಲಿ ವಿಭೂತಿ ಇನ್ನೂ ಉಳಿದಿತ್ತು.

"ಆ ಪುಡಿಗೆ ಬಂದಿದ್ದಲ್ಲ ಅವು," ಎಂದಳು. "ನಾನು ಹಾಕಿದ ಬೆಲ್ಲಕ್ಕೆ ಬಂದವು. ಅಲ್ವೇನೇ?"

"ನಿನ್ನ ಬೆಲ್ಲಕ್ಕೇ ಬಂದಿದ್ದು," ಎಂದೆ.